ಹೊಸ ಊರಿನಲ್ಲಿ ನಮ್ಮದೊಂದು ಬಳಗ: ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿಗೆ ಬಂದವರಿಗೆ ಮಾರ್ಗದರ್ಶಿ

ರೈಲ್ವೆ ನೌಕರಿಗೆಂದು ಹುಬ್ಬಳ್ಳಿಗೆ ಬಂದವರು, ಪರೀಕ್ಷೆಗೆ ಓದಲು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದವರು, ಹಾವೇರಿಗೆ ವರ್ಗವಾದ ಶಿಕ್ಷಕರು, ಮದುವೆಯಾಗಿ ಗದಗ ಸೇರಿದ ಹೆಣ್ಣುಮಕ್ಕಳು, ನಿವೃತ್ತರಾಗಿ ಬೆಂಗಳೂರಿನಿಂದ ತಿರುಗಿ ಬಂದವರು. ಇವರೆಲ್ಲರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತು ಒಂದೇ: "ಗುರುತಿನ ಮಂದಿ ಬಾಳ ಅದಾರ್ರೀ, ನಮ್ಮವರು ಅನ್ನೋರು ಯಾರೂ ಇಲ್ಲ." ಮೊಬೈಲಿನಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿಗೇನೂ ಕೊರತೆಯಿಲ್ಲ. ಆದರೆ ನಾಲ್ಕು ದಿನ ಜ್ವರ ಬಂದು ಮಲಗಿದರೆ "ಯಾಕ್ರೀ, ಎಲ್ಲೂ ಕಾಣಲಿಲ್ಲ?" ಎಂದು ಕೇಳುವವರು ಇರುವುದಿಲ್ಲ.

ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಳಗವೊಂದಕ್ಕೆ ಸೇರಲು ಮಾತುಗಾರಿಕೆ ಬೇಕು, ಪ್ರತಿಭೆ ಬೇಕು, ದೊಡ್ಡವರ ಪರಿಚಯ ಬೇಕು ಎಂದು ಹಲವರು ಹಿಂಜರಿಯುತ್ತಾರೆ. ಅದ್ಯಾವುದೂ ಬೇಕಿಲ್ಲ. ಅದೇ ಜಾಗಕ್ಕೆ ಅದೇ ಹೊತ್ತಿಗೆ ತಪ್ಪದೇ ಹೋಗಬೇಕು, ಅಲ್ಲಿಯ ಒಂದು ಸಣ್ಣ ಕೆಲಸವನ್ನು ತನ್ನ ಪಾಲಿಗೆ ತೆಗೆದುಕೊಳ್ಳಬೇಕು. ಮೊಬೈಲಿನೊಳಗಿನ ಬಳಗಕ್ಕೂ ಇದೇ ಲೆಕ್ಕ.

ಏನೇನಿದೆ ಎಂದು ಮೊದಲು ತಿಳಿದುಕೊಳ್ಳಿ

ಈ ಸೀಮೆ ಸಂಘ ಕಟ್ಟುವುದರಲ್ಲಿ ಹಳೆಯ ಕೈ. ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳುತನದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಇಂದಿಗೂ ಕಾರ್ಯಕ್ರಮ ನಡೆಸುತ್ತಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ 'ಅಟ್ಟ'ದಲ್ಲಿ ಸಾಹಿತಿಗಳು ಕೂತು ಹರಟಿ, ಜಗಳಾಡಿ, ಬರೆದರು. ಗದಗಿನ ತೋಂಟದಾರ್ಯ ಮಠದಲ್ಲಿ ವಾರವಾರ ಶಿವಾನುಭವ ಎಂಬ ಉಪನ್ಯಾಸದ ಸಭೆ ನಡೆಯುತ್ತದೆ; ಯಾರು ಬೇಕಾದರೂ ಹೋಗಿ ಕೂತು ಕೇಳಬಹುದು. ಸಂಗೀತದ ಗೀಳಿದ್ದವರಿಗಂತೂ ಧಾರವಾಡ, ಹುಬ್ಬಳ್ಳಿ, ಗದಗ ಮೂರೂ ಊರು ತವರುಮನೆ.

ಇವು ಹೆಸರಾದ ಜಾಗಗಳು. ಹೆಸರಿಲ್ಲದವು ಇದರ ಹತ್ತು ಪಟ್ಟು ಇವೆ. ಓಣಿಯ ಭಜನಾ ಮಂಡಳಿ, ಅಕ್ಕನ ಬಳಗ, ಸ್ತ್ರೀಶಕ್ತಿ ಗುಂಪು, ಗಣೇಶೋತ್ಸವ ಮಂಡಳಿ, ಬೆಳಿಗ್ಗೆ ಉಣಕಲ್ ಕೆರೆಯ ದಂಡೆಯಲ್ಲೋ ನೃಪತುಂಗ ಬೆಟ್ಟದಲ್ಲೋ ನಡೆಯುವವರ ತಂಡ, ಗಿಡ ನೆಟ್ಟು ನೀರು ಹಾಕುವವರು, ಹವ್ಯಾಸಿ ನಾಟಕದವರು, ಚೆಸ್ ಆಡುವವರು. ಇವರಾರೂ ಜಾಹೀರಾತು ಕೊಡುವುದಿಲ್ಲ. ಹುಡುಕಬೇಕಾದದ್ದು ನೀವೇ.

ಹುಡುಕುವ ದಾರಿ ಹೀಗೆ. ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಅಂದಿನ ಕಾರ್ಯಕ್ರಮಗಳ ಸಣ್ಣ ಪಟ್ಟಿ ಇರುತ್ತದೆ, ಅದನ್ನು ಎರಡು ವಾರ ಗುರುತು ಹಾಕಿ ಓದಿ. ಒಂದೇ ಸಂಘದ ಹೆಸರು ಎರಡು ಮೂರು ಸಲ ಕಂಡರೆ ಅದು ನಿಜವಾಗಿ ನಡೆಯುತ್ತಿರುವ ಸಂಘ. ಸಾರ್ವಜನಿಕ ಗ್ರಂಥಾಲಯದ ಸೂಚನಾ ಫಲಕ ನೋಡಿ. ಹಿಟ್ಟಿನ ಗಿರಣಿಯಲ್ಲಿ, ಚಾ ಅಂಗಡಿಯಲ್ಲಿ, ಪುಸ್ತಕದ ಅಂಗಡಿಯಲ್ಲಿ ಕೇಳಿ: "ಇಲ್ಲಿ ಸಂಜೀಕ ಮಂದಿ ಎಲ್ಲಿ ಕೂಡತಾರ್ರೀ?" ಗಿರಣಿಯವರಿಗೆ ಓಣಿಯ ಅಷ್ಟೂ ಸುದ್ದಿ ಗೊತ್ತಿರುತ್ತದೆ. ಇಂಟರ್‌ನೆಟ್ಟಿನಲ್ಲಿ ಹುಡುಕುವುದನ್ನು ಇದರ ಆಮೇಲೆ ಇಟ್ಟುಕೊಳ್ಳಿ, ಏಕೆಂದರೆ ನಮ್ಮ ಕಡೆಯ ಚಲೋ ಬಳಗಗಳಲ್ಲಿ ಅರ್ಧಕ್ಕರ್ಧ ಅಲ್ಲಿ ಸಿಗುವುದೇ ಇಲ್ಲ.

ಎರಡನ್ನೇ ಆರಿಸಿ

ಹತ್ತು ಕಡೆ ಹೆಸರು ಬರೆಸಿದವರು ಎಲ್ಲಿಯೂ ಉಳಿಯುವುದಿಲ್ಲ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ್ದೊಂದು, ನಿಮ್ಮ ಮನಸ್ಸಿನ ಆಸಕ್ತಿಯದೊಂದು, ಎರಡು ಸಾಕು. ಹತ್ತಿರದ್ದು ಕಷ್ಟಕಾಲಕ್ಕೆ, ಆಸಕ್ತಿಯದು ಜೀವಕ್ಕೆ.

ಆರಿಸುವಾಗ ನಾನು ನೋಡುವುದು ಮುಖ್ಯವಾಗಿ ಎಷ್ಟು ದಿನಕ್ಕೊಮ್ಮೆ ಸೇರುತ್ತಾರೆ ಎಂಬುದನ್ನು. ವಾರಕ್ಕೊಮ್ಮೆ ಸೇರುವ ಹದಿನೈದು ಜನರ ಭಜನಾ ಮಂಡಳಿಯಲ್ಲಿ ಎರಡು ತಿಂಗಳಿಗೆ ಎಲ್ಲರ ಮನೆಯ ಸುಖದುಃಖ ತಿಳಿಯುತ್ತದೆ. ವರ್ಷಕ್ಕೆರಡು ಸಲ ಸೇರುವ ಐನೂರು ಜನರ ಸಂಘದಲ್ಲಿ ಹತ್ತು ವರ್ಷವಾದರೂ ನೀವು ಪ್ರೇಕ್ಷಕರೇ. ಹೋಗಿ ಬರುವ ಹೊತ್ತನ್ನೂ ಲೆಕ್ಕ ಹಾಕಿ. ಹುಬ್ಬಳ್ಳಿಯಲ್ಲಿದ್ದು ಧಾರವಾಡದ ಸಂಜೆ ಕಾರ್ಯಕ್ರಮಕ್ಕೆ ಹೋಗುವವರಿಗೆ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ದೊಡ್ಡ ಅನುಕೂಲ, ಆದರೂ ಬಸ್ಸಿಳಿದ ಮೇಲೆ ರಾತ್ರಿ ಮನೆ ಮುಟ್ಟುವುದು ಹೇಗೆ ಎಂದು ಮೊದಲೇ ಯೋಚಿಸಿ. ಹೆಣ್ಣುಮಕ್ಕಳು ಮೊದಲ ಸಲ ಹೋಗುವಾಗ ಅಲ್ಲಿಗೆ ಬರುವ ಇನ್ನೊಬ್ಬ ಅಕ್ಕನನ್ನು ವಿಚಾರಿಸಿಕೊಂಡು ಜೊತೆಗೆ ಹೋದರೆ ಒಳ್ಳೆಯದು. "ನೀವು ಹೋಗೂ ಮುಂದ ನನಗೊಂದು ಫೋನ್ ಮಾಡ್ರಿ ಅಕ್ಕಾರ" ಎಂದರೆ ಯಾರೂ ಬೇಡವೆನ್ನುವುದಿಲ್ಲ.

ಮೊದಲ ಸಲ ಹೋದಾಗ

ಹತ್ತು ನಿಮಿಷ ಮುಂಚೆ ಹೋಗಿ. ಇದು ಬಹಳ ಮುಖ್ಯ. ಕಾರ್ಯಕ್ರಮ ಶುರುವಾದ ಮೇಲೆ ಹೋದರೆ ಹಿಂದೆ ಕೂತು ಕೇಳಿ, ಮುಗಿದ ಮೇಲೆ ಎದ್ದು ಬರುವುದೇ ಆಗುತ್ತದೆ. ಮುಂಚೆ ಹೋದರೆ ಜಮಖಾನೆ ಬಿಚ್ಚುತ್ತಿರುತ್ತಾರೆ, ಮೈಕಿಗೆ ವೈರು ಜೋಡಿಸುತ್ತಿರುತ್ತಾರೆ. ಜಮಖಾನೆಯ ಇನ್ನೊಂದು ತುದಿ ಹಿಡಿಯಿರಿ. ಅದಕ್ಕೆ ಪರಿಚಯ ಬೇಕಿಲ್ಲ, ಅನುಮತಿಯೂ ಬೇಕಿಲ್ಲ. ಹಾಸಿ ಮುಗಿಸಿದಾಗ "ಯಾವೂರ್ರೀ ನಿಮ್ಮದು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅದರ ಬೆನ್ನಿಗೇ "ಯಾರ ಪೈಕಿ?" ಎಂದೂ ಕೇಳಬಹುದು. ಬೇರೆ ಕಡೆಯಿಂದ ಬಂದವರಿಗೆ ಇದು ಚುಚ್ಚುತ್ತದೆ, ಜಾತಿ ಕೇಳುತ್ತಿದ್ದಾರೆ ಅನ್ನಿಸುತ್ತದೆ. ಕೆಲವರು ಅದಕ್ಕೇ ಕೇಳುತ್ತಾರೆ, ಸುಳ್ಳೇಕೆ ಹೇಳಲಿ. ಆದರೆ ಬಹಳ ಮಂದಿ ಕೇಳುವುದು ನಿಮ್ಮೂರಲ್ಲಿ ತಮಗೆ ಗೊತ್ತಿದ್ದವರು ಯಾರಾದರೂ ಇದ್ದಾರೆಯೇ ಎಂದು ಒಂದು ನೂಲು ಹುಡುಕಲಿಕ್ಕೆ. ಹೇಳಲು ಮನಸ್ಸಿಲ್ಲದಿದ್ದರೆ ಊರು, ಕೆಲಸ, ಈಗಿರುವ ಓಣಿ ಹೇಳಿ: "ನಮ್ಮದು ಶಿರಸಿ ಕಡೇರಿ, ಇಲ್ಲೆ ಬ್ಯಾಂಕಿನ್ಯಾಗ ಇದ್ದೀನಿ, ವಿದ್ಯಾನಗರದಾಗ ಮನಿ." ಮಾತು ಅಲ್ಲಿಂದ ಮುಂದೆ ತಾನೇ ಹೋಗುತ್ತದೆ.

ಆಯಾ ಬಳಗದ ರೀತಿ ಗಮನಿಸಿ. ಸಂಗೀತದ ಬೈಠಕ್ಕಿಗೆ ಹೋದರೆ ರಾಗದ ನಡುವೆ ಏಳಬೇಡಿ. ಏಳಲೇಬೇಕಿದ್ದರೆ ಒಂದು ರಾಗ ಮುಗಿದು ತಂಬೂರಿ ಶ್ರುತಿ ಮಾಡಿಕೊಳ್ಳುವಾಗ ಏಳಿ. ಮೊಬೈಲು ಎತ್ತಿ ಹಿಡಿದು ರೆಕಾರ್ಡು ಮಾಡುವ ಮುನ್ನ ಸಂಘಟಕರನ್ನು ಕೇಳಿ. ರಾಗದ ಹೆಸರು ಗೊತ್ತಾಗದಿದ್ದರೆ ಪಕ್ಕದ ಕಾಕಾನನ್ನು ಆಮೇಲೆ ಕೇಳಿ. ಧಾರವಾಡದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವವರ ಮುಖ ಅರಳುವುದನ್ನು ನೋಡಬೇಕು. ಉತ್ತರ ಬರೀ ಹೆಸರಿಗೆ ಮುಗಿಯುವುದಿಲ್ಲ. ಆ ರಾಗವನ್ನು ಮಲ್ಲಿಕಾರ್ಜುನ ಮನ್ಸೂರರು ಹೇಗೆ ಹಾಡುತ್ತಿದ್ದರು, ಗಂಗೂಬಾಯಿ ಹಾನಗಲ್ಲರು ಹೇಗೆ ಹಾಡುತ್ತಿದ್ದರು ಎಂದು ಗೇಟಿನ ತನಕ ಹೇಳುತ್ತಲೇ ಬರುತ್ತಾರೆ. ಅಲ್ಲಿಗೆ ನಿಮ್ಮ ಮೊದಲ ಸ್ನೇಹ ಆದಂತೆ.

ಒಂದು ಸಲ ಹೋಗಿ "ಯಾರೂ ಮಾತಾಡಿಸಲಿಲ್ಲ" ಎಂದು ಬಿಟ್ಟುಬಿಡಬೇಡಿ. ಹಳಬರಿಗೆ ತಮ್ಮದೇ ಮಾತಿರುತ್ತದೆ. ಮೂರು ನಾಲ್ಕು ಸಲ ನಿಮ್ಮ ಮುಖ ಕಾಣಲಿ. ಆಮೇಲೂ ಹೊರಗಿನವರಂತೆ ನೋಡಿದರೆ ಬೇರೆ ಬಳಗ ನೋಡಿಕೊಳ್ಳಿ, ಅದರಲ್ಲಿ ನಿಮ್ಮ ತಪ್ಪೇನಿಲ್ಲ.

ಒಂದು ಕೆಲಸ ನಿಮ್ಮದಾಗಲಿ

ಈ ಹಂತದ ಬಗ್ಗೆ ಉಳಿದವುಗಳಿಗಿಂತ ಹೆಚ್ಚು ಹೇಳುವುದಿದೆ. ಬಳಗವೆಂದರೆ ಬಂದು ಹೋಗುವವರು ಬಹಳ, ಮಾಡುವವರು ನಾಲ್ಕೇ ಜನ. ಆ ನಾಲ್ವರು ಯಾವತ್ತೂ ದಣಿದಿರುತ್ತಾರೆ. ಅವರ ಕೈಯಿಂದ ಒಂದು ಸಣ್ಣ ಹೊರೆ ಇಳಿಸಿದರೆ ನೀವು ಆ ಬಳಗದ ಮನೆಮಂದಿ.

ಕೆಲಸ ದೊಡ್ಡದಿರಬೇಕಿಲ್ಲ. ಬಂದವರ ಹೆಸರು ಬರೆಯುವ ರಿಜಿಸ್ಟರು ಹಿಡಿಯುವುದು. ಶಾಮಿಯಾನದ ಅಂಗಡಿಯಿಂದ ಬಂದ ಕುರ್ಚಿ ಎಣಿಸಿಕೊಂಡು, ಎಣಿಸಿಯೇ ಹಿಂದಿರುಗಿಸುವುದು. ವಾಟ್ಸ್‌ಆ್ಯಪ್ ನೋಡದ ಹಿರಿಯರಿಗೆ ಹಿಂದಿನ ದಿನ ಫೋನು ಮಾಡಿ ನೆನಪಿಸುವುದು. ಮೀಟಿಂಗಿನ ನಡಾವಳಿ ಬರೆಯುವುದು. ಬೇಸಿಗೆಯಲ್ಲಿ ನೆಟ್ಟ ಸಸಿಗೆ ಭಾನುವಾರ ನೀರು ಹಾಕುವ ಸರದಿ. ಇವುಗಳಲ್ಲಿ ಫೋನು ಮಾಡುವ ಕೆಲಸ ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು. ಹತ್ತು ಹಿರಿಯರಿಗೆ ಪ್ರತಿ ವಾರ ಫೋನು ಮಾಡಿದರೆ ಯಾರ ಮೊಣಕಾಲು ನೋಯುತ್ತಿದೆ, ಯಾರ ಮಗಳು ಪುಣೆಯಿಂದ ಬಂದಿದ್ದಾಳೆ, ಯಾರಿಗೆ ಆಟೋದವರೆಗೆ ಕೈ ಹಿಡಿದು ಕರೆತರಬೇಕು ಎಲ್ಲ ತಿಳಿಯುತ್ತದೆ. ನೀವು ಒಂದು ವಾರ ಫೋನು ಮಾಡದಿದ್ದರೆ ಅವರೇ ಮಾಡುತ್ತಾರೆ.

ಕೇಳುವ ಬಗೆ ಮುಖ್ಯ. "ನಾನೇನಾದರೂ ಮಾಡಲಾ?" ಎಂದರೆ "ಇರ್ಲಿ ಬಿಡ್ರಿ, ನೀವು ಕೂಡ್ರಿ" ಎಂದುಬಿಡುತ್ತಾರೆ. ಕೆಲಸದ ಹೆಸರು ಹಿಡಿದು ಹೇಳಿ: "ಸರ, ಮುಂದಿನ ವಾರದಿಂದ ಕುರ್ಚಿ ಲೆಕ್ಕ ನಾ ನೋಡ್ಕೋತೀನ್ರಿ." ಹೇಳಿದ ಮೇಲೆ ತಪ್ಪಿಸಬೇಡಿ. ಬರಲಾಗದ ವಾರ ಮುಂಚೆಯೇ ತಿಳಿಸಿ, ಬದಲಿಯನ್ನೂ ನೀವೇ ಹುಡುಕಿ. ಆರಂಭದ ಕೆಲವು ತಿಂಗಳು ಸಂಘ ಹೇಗೆ ನಡೆಯಬೇಕೆಂದು ಸಲಹೆ ಕೊಡುವುದನ್ನು ತಡೆಹಿಡಿಯಿರಿ. ಅವರು ಹಾಗೇಕೆ ಮಾಡುತ್ತಾರೆ ಎಂಬುದಕ್ಕೆ ನಿಮಗೆ ಕಾಣದ ಕಾರಣ ಇರಬಹುದು.

ನೋಂದಾಯಿತ ಸಂಘವಾದರೆ ವಿಧಿಪೂರ್ವಕ ಸದಸ್ಯರಾಗಿ. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಏಷ್ಯಾದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಸಹಕಾರ ಸಂಘದ ಪದ್ಧತಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಗೌಡನಿಗೂ ಒಂದು, ಎರಡೆಕರೆಯವನಿಗೂ ಒಂದು. ಆ ಮತ ಹಾಕುವ ಜಾಗ ವಾರ್ಷಿಕ ಮಹಾಸಭೆ. ಸಹಕಾರ ಸಂಘವಿರಲಿ, ಸಾಹಿತ್ಯ ಸಂಘವಿರಲಿ, ಮಹಾಸಭೆಗೆ ಹೋಗಿ ಲೆಕ್ಕಪತ್ರ ಓದಿ. ವಂತಿಗೆ ಕೊಟ್ಟರೆ ರಸೀದಿ ಪಡೆಯಿರಿ, ಗಣಪತಿಯ ಪಟ್ಟಿ ಕೊಟ್ಟಾಗಲೂ ಅಷ್ಟೇ. ರಸೀದಿ ಕೇಳಿದರೆ ಅಪನಂಬಿಕೆ ಎಂದು ತಿಳಿಯುವ ಬಳಗದಲ್ಲಿ ಹಣದ ಜವಾಬ್ದಾರಿ ಹೊರಬೇಡಿ. ಪರಿಚಯವಾಗಿ ಎರಡು ತಿಂಗಳಾಗುವುದರೊಳಗೆ ಚೀಟಿ, ಭಿಶಿ, ಕೈಗಡ ಎಂದು ಮಾತು ಬಂದರೆ ನಯವಾಗಿ ಹಿಂದೆ ಸರಿಯಿರಿ.

ಮೊಬೈಲಿನ ಗುಂಪು

ಈಗ ಯಾವ ಬಳಗಕ್ಕೆ ಹೋದರೂ "ನಂಬರ್ ಕೊಡ್ರಿ, ಗ್ರೂಪಿಗೆ ಹಾಕತೀನಿ" ಎನ್ನುತ್ತಾರೆ. ಕೊಡುವ ಮುನ್ನ ಒಂದು ಸಲ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಒತ್ತಿ, ಗ್ರೂಪ್ಸ್ ಎಂಬಲ್ಲಿ 'ಮೈ ಕಾಂಟ್ಯಾಕ್ಟ್ಸ್' ಆರಿಸಿ. ಆಗ ಗುರುತಿಲ್ಲದವರು ನಿಮ್ಮನ್ನು ಸಿಕ್ಕ ಸಿಕ್ಕ ಗುಂಪಿಗೆ ಎಳೆದು ಹಾಕಲಾಗದು, ಆಹ್ವಾನ ಕಳಿಸಬೇಕಾಗುತ್ತದೆ. ಪ್ರೊಫೈಲ್ ಫೋಟೊ ಕಾಂಟ್ಯಾಕ್ಟಿನಲ್ಲಿ ಇರುವವರಿಗೆ ಮಾತ್ರ ಕಾಣುವಂತೆ ಮಾಡಿಕೊಳ್ಳಲೂ ಅಲ್ಲಿಯೇ ಅವಕಾಶವಿದೆ. ಒಂದು ಗುಂಪಿನಲ್ಲಿ 1,024 ಜನರವರೆಗೆ ಇರಬಹುದು, ನಿಮ್ಮ ನಂಬರು ಅಷ್ಟೂ ಜನರಿಗೆ ಕಾಣುತ್ತದೆ ಎಂಬುದು ನೆನಪಿರಲಿ.

ಸೇರಿದ ಕೂಡಲೇ ಎರಡು ಸಾಲಿನ ಪರಿಚಯ ಹಾಕಿ. "ಎಲ್ಲರಿಗೂ ನಮಸ್ಕಾರ. ನಾನು ಸವಿತಾ, ಹಾವೇರಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ, ಇಲ್ಲಿಗೆ ಬಂದು ಆರು ತಿಂಗಳಾಯಿತು. ಭಾನುವಾರದ ಓದಿಗೆ ಬರುತ್ತಿದ್ದೇನೆ, ಪ್ರತಿಗಳ ಜೆರಾಕ್ಸ್ ಮಾಡಿಸುವ ಕೆಲಸ ನನ್ನದು." ಇಷ್ಟು ಸಾಕು. ಹೆಸರೇ ಇಲ್ಲದ ನಂಬರಾಗಿ ವರ್ಷಗಟ್ಟಲೆ ಕೂತರೆ ಯಾರಿಗೂ ನೀವು ಯಾರೆಂದು ತಿಳಿಯುವುದಿಲ್ಲ.

ಮೊದಲ ಎರಡು ವಾರ ಓದಿ. ಯಾರು ಏನು ಕೇಳುತ್ತಾರೆ, ಯಾವ ಹೊತ್ತಿಗೆ ಬರೆಯುತ್ತಾರೆ, ಯಾವುದಕ್ಕೆ ಬೇಸರ ಪಡುತ್ತಾರೆ ತಿಳಿಯುತ್ತದೆ. ಆಮೇಲೆ ಉಪಯೋಗದ ಮಾತು ಬರೆಯಿರಿ. ಯಾರೋ ರಕ್ತ ಬೇಕೆಂದು ಕೇಳಿದರೆ "ಪ್ರಾರ್ಥಿಸುತ್ತೇವೆ" ಎಂದು ಕೈಮುಗಿದ ಚಿತ್ರ ನಲವತ್ತು ಬರುತ್ತವೆ. "ನಂದು ಓ ಪಾಸಿಟಿವ್, ಅರ್ಧ ತಾಸಿನ್ಯಾಗ ಬರತೀನಿ" ಎಂಬುದು ಒಂದು ಬಂದರೆ ಸಾಕು. ಕೆಲಸ ಆದ ಮೇಲೆ "ರಕ್ತ ಸಿಕ್ಕಿತು, ಇನ್ನು ಫೋನ್ ಮಾಡಬೇಡಿ" ಎಂದು ಹಾಕುವುದೂ ಸೇವೆಯೇ. ಹಾಗೆ ಹಾಕದ ಕಾರಣ ಅದೇ ಕೋರಿಕೆ ತಿಂಗಳುಗಟ್ಟಲೆ ಊರೂರು ತಿರುಗುತ್ತದೆ, ರೋಗಿಯ ಮನೆಯವರಿಗೆ ಫೋನು ನಿಲ್ಲುವುದಿಲ್ಲ.

ಫಾರ್ವರ್ಡ್ ಬಂದದ್ದನ್ನು ಮುಂದೆ ಕಳಿಸುವ ಮುನ್ನ ತಾರೀಖು ನೋಡಿ, ಊರು ನೋಡಿ. ಬಹಳ ಸಲ ಫಾರ್ವರ್ಡ್ ಆಗಿದೆ ಎಂಬ ಜೋಡಿ ಬಾಣದ ಗುರುತಿದ್ದರೆ ಇನ್ನೂ ಎಚ್ಚರ. ಭಿನ್ನಾಭಿಪ್ರಾಯ ಬಂದಾಗ ಗುಂಪಿನಲ್ಲಿ ಎರಡನೆಯ ಸಲ ಉತ್ತರ ಬರೆಯುವ ಬದಲು ಫೋನು ಮಾಡಿ, ಇಲ್ಲವೇ ಚಾಕ್ಕೆ ಕರೆಯಿರಿ. ಬರಹದಲ್ಲಿ ಖಾರ ಕಂಡದ್ದು ಎದುರಿಗೆ ಕೂತಾಗ ಬಹಳ ಸಲ ಖಾರವಾಗಿ ಇರುವುದಿಲ್ಲ. ಗುಂಪಿನಿಂದ ಹೆಣ್ಣುಮಕ್ಕಳ ನಂಬರು ತೆಗೆದುಕೊಂಡು ಸುಮ್ಮನೆ ಖಾಸಗಿಯಾಗಿ ಮೆಸೇಜು ಮಾಡುವುದು ತಪ್ಪು. ಅಂಥದ್ದು ನಡೆದರೆ ಅಡ್ಮಿನ್‌ಗೆ ಹೇಳಿ, ಅಡ್ಮಿನ್ ಆದವರು ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬೇರೆಯವರ ಮಕ್ಕಳ ಫೋಟೊ ಕೇಳದೇ ಹಾಕಬೇಡಿ.

ಇನ್ನೊಂದು ಅಪಾಯ. ಮದುವೆ ಆಮಂತ್ರಣ, ಬ್ಯಾಂಕಿನ ಸೂಚನೆ, ಸರ್ಕಾರದ ಯೋಜನೆ ಎಂಬ ಹೆಸರಿನಲ್ಲಿ ಗುಂಪುಗಳಿಗೆ 'ಎಪಿಕೆ' ಎಂದು ಕೊನೆಯಾಗುವ, ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು ಬರುತ್ತದೆ. ಪರಿಚಯದವರ ನಂಬರಿನಿಂದಲೇ ಬರಬಹುದು, ಏಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಗೆ ಹೋಗಿರುತ್ತದೆ. ಒತ್ತಬೇಡಿ. ಆ ಪರಿಚಯದವರಿಗೆ ಫೋನು ಮಾಡಿ ತಿಳಿಸಿ, ಗುಂಪಿನಲ್ಲಿ ಎಚ್ಚರಿಕೆ ಹಾಕಿ, ಅಡ್ಮಿನ್‌ಗೆ ಹೇಳಿ ಎಲ್ಲರ ಫೋನಿನಿಂದಲೂ ಅಳಿಸಿರಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೆಲಸವೇ ಕೂಡಿಸುವ ಆನ್‌ಲೈನ್ ಬಳಗಗಳು

ಸಪ್ತಾಪುರದ ರೂಮಿನಲ್ಲಿ ಓದುವ ಹುಡುಗರಿಗೆ, ಚಿಕ್ಕ ಮಕ್ಕಳಿದ್ದು ಮನೆ ಬಿಟ್ಟು ಹೊರಡಲಾಗದ ತಾಯಂದಿರಿಗೆ, ಪಾಳಿ ಕೆಲಸದವರಿಗೆ ಸಂಜೆಯ ಸಭೆಗಳು ಹೊಂದುವುದಿಲ್ಲ. ಅವರಿಗೆ ನಾನು ಹೇಳುವುದು ಕನ್ನಡ ವಿಕಿಪೀಡಿಯ. 2003ರಲ್ಲಿ ಆರಂಭವಾದ ಇದನ್ನು ಬರೆಯುವವರು ನಮ್ಮಂಥವರೇ, ಸಂಬಳವಿಲ್ಲದ ಸ್ವಯಂಸೇವಕರು. ಅಲ್ಲಿ ಎಲ್ಲರೂ ಸೇರಿ ಚರ್ಚೆ ಮಾಡುವ ಪುಟದ ಹೆಸರೇ ಅರಳಿಕಟ್ಟೆ.

ಮೊದಲು ಖಾತೆ ತೆರೆಯಿರಿ. ನಿಮ್ಮೂರಿನ ಪುಟ ತೆಗೆದು ಕಾಗುಣಿತದ ತಪ್ಪೊಂದನ್ನು ತಿದ್ದಿ ಉಳಿಸಿ. ಮುಂದಿನ ವಾರ ಒಂದು ಸಾಲು ಸೇರಿಸಿ, ಅದು ಯಾವ ಪುಸ್ತಕದಿಂದ ಅಥವಾ ಪತ್ರಿಕೆಯಿಂದ ತಿಳಿಯಿತೆಂದು ಉಲ್ಲೇಖ ಕೊಡಿ. ಉಲ್ಲೇಖವಿಲ್ಲದ ಮಾತನ್ನು ಯಾರಾದರೂ ತೆಗೆದರೆ ಮುನಿಯಬೇಡಿ, ಚರ್ಚೆಯ ಪುಟದಲ್ಲಿ ಕೇಳಿ, ಕೊನೆಗೆ ನಾಲ್ಕು ಟಿಲ್ಡೆ ಗುರುತು (~~~~) ಹಾಕಿದರೆ ನಿಮ್ಮ ಸಹಿ ತಾನೇ ಮೂಡುತ್ತದೆ. ಕ್ಯಾಮೆರಾ ಹವ್ಯಾಸದವರಿಗೆ ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟು ಕೆಲಸವಿದೆ. ಲಕ್ಕುಂಡಿಯ ಬಸದಿ, ಗದಗಿನ ತ್ರಿಕೂಟೇಶ್ವರ, ಹಾನಗಲ್ಲಿನ ತಾರಕೇಶ್ವರ, ಗಳಗನಾಥ. ನೀವೇ ತೆಗೆದ ಫೋಟೊಗಳನ್ನು ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಯಾರು ಬೇಕಾದರೂ ಬಳಸಬಹುದು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಚಿತ್ರ ಮಾತ್ರ ಹಾಕಬೇಡಿ.

ಹಕ್ಕಿ ನೋಡುವವರಿಗೆ ಇ-ಬರ್ಡ್ ಇದೆ, ಕಂಡ ಹಕ್ಕಿಗಳ ಪಟ್ಟಿ ಸೇರಿಸುವ ಜಾಲತಾಣ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿಗೆ ಹೋದ ದಿನ ಎಷ್ಟು ಹೊತ್ತು ನೋಡಿದಿರಿ, ಎಷ್ಟು ದೂರ ನಡೆದಿರಿ, ಯಾವ ಹಕ್ಕಿ ಎಷ್ಟಿದ್ದವು ಎಂದು ಬರೆದು ಸೇರಿಸಿದರೆ ಅದು ದಾಖಲೆಯಾಗುತ್ತದೆ. ಅನುಮಾನದ ಹಕ್ಕಿ ಬರೆದರೆ ಪರಿಶೀಲಿಸುವವರು ಫೋಟೊ ಕೇಳುತ್ತಾರೆ, ಅದರಿಂದಲೇ ಕಲಿಯುತ್ತೀರಿ. ಡಿಸೆಂಬರಿನ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ದುರ್ಬೀನು ಹಿಡಿದು ನಿಂತ ಇನ್ನೊಬ್ಬರು ಕಂಡರೆ ಮಾತಾಡಿಸಿ. ಪಟ್ಟಿಯಲ್ಲಿ ಹೆಸರಾಗಿ ಮಾತ್ರ ಗೊತ್ತಿದ್ದವರು ಅವರೇ ಆಗಿರಬಹುದು.

ಒಂದೇ ಬಣ್ಣದ ಬಳಗಗಳ ಬಗ್ಗೆ

ನಮ್ಮ ಕಡೆಯ ಬಹಳಷ್ಟು ಬಳಗಗಳು ಜಾತಿಯ, ಮಠದ, ಮಸೀದಿಯ, ಊರಿನ ಲೆಕ್ಕದಲ್ಲಿ ಕೂಡಿದವು. ಹೊಸ ಊರಲ್ಲಿ ಅವು ಬೇಗ ಕೈಹಿಡಿಯುತ್ತವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀವು ಆರಿಸುವ ಎರಡರಲ್ಲಿ ಒಂದಾದರೂ ಎಲ್ಲರೂ ಬರುವ ಬಳಗವಾಗಿರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿಶುನಾಳದ ಶರೀಫರಿಗೆ ಕಳಸದ ಗೋವಿಂದಭಟ್ಟರು ಗುರುವಾದ ಸೀಮೆ ಇದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಜಾತಿ ನೋಡದೆ ಅನ್ನವಿಟ್ಟು ಸಂಗೀತ ಕಲಿಸಿದರು. ಆ ದಾರಿ ಇಲ್ಲಿ ಮೊದಲಿನಿಂದ ಇದೆ.

ಹಳಬರಿಗೂ ಒಂದು ಮಾತು. ಹೊಸಬರು ಬಂದಾಗ ಹೆಸರು ಕೇಳಿ, ಮುಂದಿನ ವಾರ ಅದೇ ಹೆಸರು ಹಿಡಿದು ಕರೆಯಿರಿ. ಒಂದು ಕೆಲಸ ಕೊಡಿ.

ಬಿಡುವಾಗ

ವರ್ಗವಾಗುತ್ತದೆ, ಪರೀಕ್ಷೆ ಪಾಸಾಗುತ್ತದೆ, ಕೆಲವೊಮ್ಮೆ ಮನಸ್ಸೇ ಹೊಂದುವುದಿಲ್ಲ. ಬರೀ ಮಾಹಿತಿಯ ಗುಂಪಾಗಿದ್ದರೆ ಸದ್ದಿಲ್ಲದೆ ಹೊರಬನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಈಗ ಅದರ ಸೂಚನೆ ಅಡ್ಮಿನ್‌ಗಳಿಗಷ್ಟೇ ಹೋಗುತ್ತದೆ. ಆದರೆ ಕೆಲಸ ಹೊತ್ತಿದ್ದ ಬಳಗವನ್ನು ಹಾಗೆ ಬಿಡಬೇಡಿ. ಒಂದು ತಿಂಗಳು ಮೊದಲೇ ಹೇಳಿ. ನೀವು ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರಿಗೆ ಎರಡು ವಾರ ಜೊತೆಗಿದ್ದು ತೋರಿಸಿ. ನೀವೊಬ್ಬರೇ ಅಡ್ಮಿನ್ ಆಗಿದ್ದರೆ ಬೇರೆ ಇಬ್ಬರನ್ನು ಅಡ್ಮಿನ್ ಮಾಡಿ. ರಿಜಿಸ್ಟರು, ರಸೀದಿ ಪುಸ್ತಕ, ಕೀಲಿಕೈ, ಶಾಮಿಯಾನದವರ ನಂಬರು, ಹಿರಿಯರ ಫೋನಿನ ಪಟ್ಟಿ ಇವನ್ನೆಲ್ಲ ಸಭೆಯಲ್ಲಿ ಎಲ್ಲರೆದುರು ಕೊಟ್ಟು, ಕೊಟ್ಟದ್ದನ್ನು ನಡಾವಳಿಯಲ್ಲಿ ಬರೆಸಿ. ಕೈಯಲ್ಲಿ ಹಣ ಉಳಿದಿದ್ದರೆ ಲೆಕ್ಕ ಓದಿ ಹೇಳಿ ಒಪ್ಪಿಸಿ. ಹೋಗುವ ಊರಿನಲ್ಲಿ ಅವರ ಪರಿಚಯದವರು ಯಾರಿದ್ದಾರೆ ಎಂದು ಕೇಳಿ, ಹೆಸರು ನಂಬರು ಬರೆದುಕೊಳ್ಳಿ.